ಚೇಳಿನ ತಪ್ಪೇನು?

ಬೆಳಗ್ಗೆ ಟಿ.ವಿ. ಹಾಕಿದ್ರೆ ಮೊದಲು ರಾಶಿಫಲ, ಆಮೇಲೆ ಸುದ್ದಿ. ನಾನೂ ಅದೇ ಟಿ.ವಿ.ಯವನು. ಹಾಗಾಗಿ ರಾಶಿ ನೋಡುವವರನ್ನು ಆಡಿಕೊಳ್ಳೋ ಹಕ್ಕು ನನಗಿಲ್ಲ. ಆದ್ರೆ ಇವತ್ತು ಒಂದು ಮಾತು ಹೇಳಲೇಬೇಕು.

ಮೊನ್ನೆ ನಮ್ಮ ನೆಂಟರ ಹುಡುಗಿಯೊಬ್ಬಳ ಸಂಬಂಧ ತಪ್ಪಿಹೋಯ್ತು. ಓದಿದ್ದಾಳೆ, ಕೆಲಸದಲ್ಲಿದ್ದಾಳೆ. ಗಂಡಿನ ಕಡೆಯವರು ಫೋನ್ ಮಾಡಿ ಹೇಳಿದ್ದು ಇಷ್ಟೇ: 'ಹುಡುಗೀದು ವೃಶ್ಚಿಕ ರಾಶಿಯಂತೆ. ಹಠಮಾರಿಗಳು, ಸೇಡು ಮರೆಯಲ್ಲ. ನಮಗ್ಯಾಕೆ ಬಿಡಿ.'

ವೃಶ್ಚಿಕ ಅಂದ್ರೆ ಚೇಳು. ಚೇಳು ಅಂದ್ರೆ ಕುಟುಕೋದು. ಮುಗೀತು, ತೀರ್ಪು ಆಗಿಹೋಯ್ತು! ಇಷ್ಟಕ್ಕೂ ಈ ಚೇಳು ಆಕಾಶಕ್ಕೆ ಹತ್ತಿದ್ದು ಹೇಗೆ ಗೊತ್ತಾ?

ಗ್ರೀಕರ ಪುರಾಣದಲ್ಲಿ ಓರಿಯನ್ ಅಂತ ಒಬ್ಬ ದೈತ್ಯ ಬೇಟೆಗಾರ. ಕ್ರೀಟ್ ದ್ವೀಪದಲ್ಲಿ ಬೇಟೆಯ ದೇವತೆ ಆರ್ಟೆಮಿಸ್ ಜೊತೆ ಬೇಟೆಯಾಡ್ತಿದ್ದ. ಭೂಮಿ ಮೇಲೆ ಒಂದು ಪ್ರಾಣಿಯನ್ನೂ ಉಳಿಸಲ್ಲ ಅಂತ ಕೊಚ್ಚಿಕೊಂಡ. ಭೂದೇವಿ ಗಯಾಗೆ ಸಿಟ್ಟು ಬಂತು. ಒಂದು ಚೇಳನ್ನು ಕಳಿಸಿದಳು. ಓರಿಯನ್ ಸತ್ತ. ಕ್ರಿಸ್ತಪೂರ್ವ 3ನೇ ಶತಮಾನದ ಕವಿ ಅರಾಟಸ್ ಹೇಳುವ ಕಥೆ ಬೇರೆ. ಅಲ್ಲಿ ಓರಿಯನ್ ಆರ್ಟೆಮಿಸ್‌ಳ ಬಟ್ಟೆಗೇ ಕೈ ಹಾಕ್ತಾನೆ, ಚೇಳು ಬಿಡೋದು ಅವಳೇ. ಈಗ ಹೇಳಿ, ಎರಡು ಕಥೆಯಲ್ಲೂ ತಪ್ಪು ಯಾರದ್ದು? ಚೇಳಿನದ್ದಾ?

ಇಬ್ಬರಿಗೂ ಆಕಾಶದಲ್ಲಿ ಜಾಗ ಸಿಕ್ಕಿತು, ಎದುರುಬದುರು ದಿಕ್ಕಿನಲ್ಲಿ. ಜನವರಿ ರಾತ್ರಿ ತಲೆಯೆತ್ತಿ ನೋಡಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತೆ. ಅದು ಓರಿಯನ್‌ನ ಸೊಂಟಪಟ್ಟಿ. ನಮ್ಮ ಮೃಗಶಿರ, ಆರ್ದ್ರಾ ಎರಡೂ ಆ ಗುಂಪಿನಲ್ಲೇ ಇವೆ. ಜೂನ್, ಜುಲೈ ರಾತ್ರಿ ಮೋಡ ಸರಿದರೆ ದಕ್ಷಿಣದಲ್ಲಿ ಬಾಲ ಮಡಚಿದ ಚೇಳು. ಅದರ ಎದೆಯ ಕೆಂಪು ಚುಕ್ಕಿಯೇ ಜ್ಯೇಷ್ಠಾ. ಚೇಳು ಪೂರ್ವದಲ್ಲಿ ಏಳುವ ಹೊತ್ತಿಗೆ ಬೇಟೆಗಾರ ಪಶ್ಚಿಮದಲ್ಲಿ ಮುಳುಗ್ತಾನೆ. ಇವತ್ತಿಗೂ!

ಹಾಗಂತ ಈ ಚೇಳು ಗ್ರೀಕರ ಸ್ವಂತದ್ದೂ ಅಲ್ಲ. ಅವರಿಗಿಂತ ಮೊದಲೇ ಬ್ಯಾಬಿಲೋನಿನವರು ಈ ನಕ್ಷತ್ರಗಳನ್ನು ಚೇಳು ಅಂತ ಕರೆದಿದ್ದರು. ಸೂರ್ಯನ ದಾರಿಯನ್ನು 12 ಸಮಪಾಲು ಮಾಡಿದವರೂ ಅವರೇ. ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ 'ಟೆಟ್ರಾಬಿಬ್ಲೋಸ್' ಗ್ರಂಥದಲ್ಲಿ ಈ ರಾಶಿಗೆ ಮಂಗಳನನ್ನು ಒಡೆಯ ಮಾಡಿದ. ಗ್ರೀಕರಿಗೆ ಮಂಗಳ ಯುದ್ಧದ ದೇವರ ಗ್ರಹ. ಚೇಳಿಗೆ ಸಿಟ್ಟು, ಸೇಡು ಅಂಟಿಕೊಳ್ಳೋಕೆ ಇನ್ನೇನು ಬೇಕು? ನಮ್ಮ ವರಾಹಮಿಹಿರ 6ನೇ ಶತಮಾನದ 'ಬೃಹಜ್ಜಾತಕ'ದಲ್ಲಿ ಇದನ್ನು 'ಕೌರ್ಪ್ಯ' ಅಂತಲೂ ಕರೆದಿದ್ದಾನೆ. ಗ್ರೀಕರ 'ಸ್ಕೋರ್ಪಿಯೋಸ್' ನಮ್ಮಲ್ಲಿಗೆ ಬಂದು ಕೌರ್ಪ್ಯ ಆಯ್ತು.

ಇನ್ನೊಂದು ವಿಷಯ. ಪಾಶ್ಚಾತ್ಯರು ನೋಡೋದು ಹುಟ್ಟಿದಾಗ ಸೂರ್ಯನಿದ್ದ ರಾಶಿ. ನಾವು ನೋಡೋದು ಚಂದ್ರನಿದ್ದ ರಾಶಿ. ಇಲ್ಲಿ ಚೇಳಾದ ಹುಡುಗಿ ಅಲ್ಲಿ ಸಿಂಹವೋ ಮೀನೋ ಆಗಬಹುದು. ಹುಡುಗಿ ಮಾತ್ರ ಅವಳೇ ಅಲ್ವಾ?

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದೊಂದು ಚೀಟಿ ಕೊಟ್ಟ. 'ಇದು ನಿನ್ನ ಸ್ವಭಾವ, ಎಷ್ಟು ಸರಿಯಿದೆ ಹೇಳು' ಅಂದ. ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಆಮೇಲೆ ಗೊತ್ತಾಯ್ತು, ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ! ಅದರ ಹೆಚ್ಚಿನ ಸಾಲುಗಳನ್ನು ಅವನು ತೆಗೆದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ.

ಜಾತಕ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಅದು ನಿಮ್ಮ ನಿಮ್ಮ ನಂಬಿಕೆ. ಆದ್ರೆ ಆ ಗಂಡಿನ ಮನೆಯವರು ನಮ್ಮ ಹುಡುಗಿ ಜೊತೆ ಹತ್ತು ನಿಮಿಷ ಕೂತು ಮಾತಾಡಿದವರಲ್ಲ. ಮುಖ ನೋಡದೆಯೇ 'ಸೇಡಿನವಳು' ಅಂದುಬಿಟ್ಟರು. ಬೇಟೆಗಾರನ ಜಂಬಕ್ಕೆ ಚೇಳು ಕೆಟ್ಟ ಹೆಸರು ಹೊತ್ತಿದ್ದು ಸಾಲದೇ? ಆ ಹೆಸರನ್ನು ನಮ್ಮ ಮನೆಯ ಹೆಣ್ಣುಮಕ್ಕಳ ತಲೆಗೂ ಕಟ್ಟಬೇಕಾ? ಯೋಚನೆ ಮಾಡಿ.