ಹಡಗಿನ ಬಾಡಿಗೆ: ಮುಚ್ಚಿದ ಪಟ್ಟಿಯಿಂದ ಮೊಬೈಲಿನ ಪರದೆಗೆ

ಕೆರಗೋಡು ಸೀಮೆಯ ಆಲೆಮನೆಯಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲ ಒಯ್ಯಲು ಬಾಡಿಗೆ ಎಷ್ಟೆಂದು ಕೇಳಿದರೆ ಟೆಂಪೊದವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅದೇ ಬೆಲ್ಲ ದುಬೈಗೆ ಹೋಗಬೇಕೆಂದರೆ ಏಜೆಂಟರಿಂದ ಬರುವುದು ಹತ್ತಾರು ಸಾಲಿನ ಕೋಟೇಶನ್. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲವೇ. ಕೃಷಿ ರಫ್ತು ಉತ್ತೇಜನಕ್ಕಿರುವ ಅಪೆಡಾದ ಪಟ್ಟಿಯಲ್ಲೂ ಬೆಲ್ಲವಿದೆ. ಹಾಗಾಗಿ ಹಡಗಿನ ದರ ಹೇಗೆ ನಿಗದಿಯಾಗುತ್ತದೆ, ಆ ಪದ್ಧತಿ ಹೇಗೆ ಬೆಳೆದುಬಂತು ಎಂಬುದು ಇಲ್ಲಿನ ಬೆಳೆಗಾರರಿಗೂ ಸಂಬಂಧಪಟ್ಟ ವಿಷಯ.

ಕೂಟಗಳ ಕಾಲ

ಬಸರೂರು, ಮಂಗಳೂರುಗಳಿಂದ ಅಕ್ಕಿ, ಕಾಳುಮೆಣಸು ಹಾಯಿಹಡಗುಗಳಲ್ಲಿ ಹೊರನಾಡಿಗೆ ಹೋಗುತ್ತಿದ್ದ ದಿನಗಳಲ್ಲಿ ಬಾಡಿಗೆಯೆಂಬುದು ವರ್ತಕನಿಗೂ ಹಡಗಿನವನಿಗೂ ನಡುವಿನ ಮಾತಾಗಿತ್ತು. ಉಗಿಹಡಗುಗಳು ಬಂದು ವೇಳಾಪಟ್ಟಿಯಂತೆ ಓಡತೊಡಗಿದ ಮೇಲೆ ಕಂಪನಿಗಳು ಒಂದಾದವು. 1875ರಲ್ಲಿ ಕಲ್ಕತ್ತಾ ಮತ್ತು ಬ್ರಿಟನ್ ನಡುವಿನ ಮಾರ್ಗಕ್ಕೆ ಹುಟ್ಟಿದ ‘ಕಾನ್ಫರೆನ್ಸ್’ ಇಂಥ ಮೊದಲ ಕೂಟಗಳಲ್ಲೊಂದು. ಚಹಾಕ್ಕೊಂದು, ಸೆಣಬಿಗೊಂದು ಎಂದು ಸರಕಿಗೆ ತಕ್ಕ ದರವನ್ನು ಕೂಟವೇ ಕಟ್ಟುತ್ತಿತ್ತು. ಕೂಟದ ಹಡಗುಗಳನ್ನಷ್ಟೇ ಬಳಸಿದವರಿಗೆ ಬಾಡಿಗೆಯ ಒಂದು ಪಾಲು ತಿಂಗಳುಗಳ ನಂತರ ವಾಪಸಾಗುತ್ತಿತ್ತು. ನಡುವೆ ಹೊರಗಿನ ಹಡಗಿಗೆ ಸರಕು ಕೊಟ್ಟರೆ ಅದೂ ಕೈತಪ್ಪುತ್ತಿತ್ತು. ದರ ಕೇಳುವ ಹಕ್ಕಿತ್ತು, ಚೌಕಾಸಿಗೆ ಜಾಗವಿರಲಿಲ್ಲ. ಯುರೋಪಿನ ಒಕ್ಕೂಟ ಈ ಕೂಟಗಳಿಗೆ ಕೊಟ್ಟಿದ್ದ ಕಾನೂನಿನ ವಿನಾಯಿತಿಯನ್ನು ಪೂರ್ತಿ ತೆಗೆದುಹಾಕಿದ್ದು 2008ರ ಅಕ್ಟೋಬರಿನಲ್ಲಿ.

ಕಂಟೇನರ್ ತಂದ ಬದಲಾವಣೆ

ಕೂಟಗಳ ಬುಡ ಅಲುಗಾಡಿಸಿದ್ದು ಕಬ್ಬಿಣದ ಪೆಟ್ಟಿಗೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. 1973ರಲ್ಲಿ ಕಂಟೇನರ್ ಕೊಚ್ಚಿಗೂ ಬಂತು. ಒಳಗೆ ಕಾಫಿಯಿರಲಿ, ಬೆಲ್ಲವಿರಲಿ, ದರ ಪೆಟ್ಟಿಗೆಗಿಷ್ಟು ಎಂಬ ಲೆಕ್ಕ ಕ್ರಮೇಣ ಬಳಕೆಗೆ ಬಂತು.

ಒಳನಾಡಿನ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ತಿರುವು 1981ರದು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಆ ವರ್ಷ ಬೆಂಗಳೂರಿನಲ್ಲಿ ತೆರೆಯಿತು. 1988ರಲ್ಲಿ ಸ್ಥಾಪನೆಯಾದ ಕಾನ್ಕಾರ್ ಸಂಸ್ಥೆ ರೈಲ್ವೆಯಿಂದ ಇಂಥ ಡಿಪೊಗಳನ್ನು ವಹಿಸಿಕೊಂಡಿತು. ಕಸ್ಟಮ್ಸ್ ತಪಾಸಣೆ ವೈಟ್‌ಫೀಲ್ಡ್‌ನಲ್ಲೇ ಮುಗಿದು, ಸೀಲಾದ ಪೆಟ್ಟಿಗೆ ರೈಲಿನಲ್ಲಿ ಚೆನ್ನೈಗೆ ಹೋಗುವಂತಾಯಿತು. ಕಡಲೇ ಇಲ್ಲದ ಊರಿನಿಂದ ಹಡಗಿನ ದರ ಕೇಳಬಹುದಾಯಿತು. ಲಾರಿ, ರೈಲು, ಬಂದರು, ಹಡಗು ಎಲ್ಲದರ ಖರ್ಚನ್ನೂ ಸೇರಿಸಿ ಒಂದೇ ದರ ಹೇಳುವ ಫ್ರೈಟ್ ಫಾರ್ವರ್ಡರ್‌ಗಳಿಗೆ ಇದರಿಂದ ಒಳ್ಳೆಯ ನೆಲೆ ಸಿಕ್ಕಿತು.

ದರ ಎಲ್ಲರ ಕಣ್ಣಿಗೆ

ಟೆಲೆಕ್ಸ್, ಫ್ಯಾಕ್ಸ್‌ಗಳಲ್ಲಿ ದಿನಗಟ್ಟಲೆ ಕಾದು ಪಡೆಯುತ್ತಿದ್ದ ದರ ಇ-ಮೇಲಿಗೆ ಬಂತು. 2009ರಿಂದ ಶಾಂಘೈ ಕಂಟೇನರ್ ಸೂಚ್ಯಂಕ, 2011ರಿಂದ ಡ್ರೂರಿ ಸಂಸ್ಥೆಯ ವಿಶ್ವ ಸೂಚ್ಯಂಕ ವಾರವಾರದ ಏರಿಳಿತವನ್ನು ಬಹಿರಂಗ ಮಾಡಿದವು. 2019ರಲ್ಲಿ ಮಾರ್ಸ್ಕ್ ಕಂಪನಿ ‘ಮಾರ್ಸ್ಕ್ ಸ್ಪಾಟ್’ ಮೂಲಕ ಆನ್‌ಲೈನ್‌ನಲ್ಲೇ ದರ ಹೇಳಿ ಹಡಗಿನಲ್ಲಿ ಜಾಗ ಕಾಯ್ದಿರಿಸುವ ಸೌಲಭ್ಯ ತಂದಿತು.

ಕಣ್ಣಿಗೆ ಕಂಡಿತೆಂದು ದರ ಸ್ಥಿರವಾಗಲಿಲ್ಲ. ಡ್ರೂರಿ ಲೆಕ್ಕದಲ್ಲಿ 2019ರಲ್ಲಿ 40 ಅಡಿ ಕಂಟೇನರಿಗೆ ಸರಾಸರಿ ಸುಮಾರು 1,420 ಡಾಲರ್ ಇದ್ದದ್ದು ಕೋವಿಡ್ ಗೊಂದಲದ ನಡುವೆ 2021ರ ಸೆಪ್ಟೆಂಬರಿನಲ್ಲಿ 10,000 ಡಾಲರ್ ದಾಟಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ನಡೆದು ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಯುರೋಪಿನ ದರ ಮತ್ತೆ ನೆಗೆಯಿತು. ಇಂದಿನ ಕೋಟೇಶನ್ನಿನಲ್ಲಿ ಮೊತ್ತದಷ್ಟೇ ಮುಖ್ಯ ‘ಎಲ್ಲಿಯವರೆಗೆ ಚಾಲ್ತಿ’ ಎಂಬ ದಿನಾಂಕ.

ಓದಿ ತಿಳಿಯಬೇಕಾದ ಸಾಲುಗಳು

ಇಪ್ಪತ್ತು ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. ಅಷ್ಟು ಸರಕಿಲ್ಲದವರು ಇತರರ ಸರಕಿನ ಜೊತೆ ‘ಎಲ್‌ಸಿಎಲ್’ ಆಗಿ ಕಳಿಸಬೇಕು. ಅಲ್ಲಿ ಒಂದು ಟನ್ ಅಥವಾ ಒಂದು ಘನ ಮೀಟರ್, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಹತ್ತು ಕೆಜಿ ಅಚ್ಚು ಬೆಲ್ಲದ ಪೆಟ್ಟಿಗೆ 30 ಸೆಂ.ಮೀ. ಉದ್ದ, 25 ಅಗಲ, 20 ಎತ್ತರ ಇದೆಯೆನ್ನಿ. ಇಂಥ ನೂರು ಪೆಟ್ಟಿಗೆಯ ಬೆಲ್ಲ ತೂಗುವುದು ಒಂದು ಟನ್. ಹಿಡಿಯುವ ಜಾಗ ಒಂದೂವರೆ ಘನ ಮೀಟರ್. ಬಾಡಿಗೆ ಕಟ್ಟಬೇಕಾದದ್ದು ಒಂದೂವರೆಗೆ. ಪೆಟ್ಟಿಗೆಯ ಎತ್ತರ ನಾಲ್ಕು ಸೆಂಟಿಮೀಟರ್ ತಗ್ಗಿದರೆ ಬಾಡಿಗೆಯ ಐದನೇ ಒಂದು ಭಾಗ ಉಳಿಯುತ್ತದೆ.

ಇನ್ನೊಂದು ಎಚ್ಚರ. ಕಡಲ ಬಾಡಿಗೆಯನ್ನು ತೀರಾ ಕಡಿಮೆ, ಕೆಲವೊಮ್ಮೆ ಸೊನ್ನೆ ಎಂದೇ ತೋರಿಸಿ, ಆ ಹಣವನ್ನು ತಲುಪುವ ಬಂದರಿನ ಶುಲ್ಕಗಳಲ್ಲಿ ವಸೂಲು ಮಾಡುವ ಪದ್ಧತಿ ಎಲ್‌ಸಿಎಲ್ ವ್ಯವಹಾರದಲ್ಲಿದೆ. ಆ ಹೊರೆ ಕೊಳ್ಳುವವರ ಮೇಲೆ ಬೀಳುತ್ತದೆ; ಅವರು ಎರಡನೇ ಸಲ ಆರ್ಡರ್ ಕೊಡದೇ ಹೋಗಬಹುದು. ಆದ್ದರಿಂದ ಇಂಧನ ಹೆಚ್ಚುವರಿ, ಎರಡೂ ಕಡೆಯ ಟರ್ಮಿನಲ್ ಶುಲ್ಕ, ದಾಖಲೆ ಶುಲ್ಕ, ಕಸ್ಟಮ್ಸ್ ಏಜೆಂಟರ ಶುಲ್ಕ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಎಫ್‌ಒಬಿಯೋ (ಹಡಗಿಗೇರಿಸುವವರೆಗಿನ ಖರ್ಚಷ್ಟೇ ಮಾರುವವರದು) ಸಿಐಎಫೋ (ಕಡಲ ಬಾಡಿಗೆ, ವಿಮೆಯೂ ಮಾರುವವರದು) ಎಂದು ಮೊದಲೇ ಹೇಳಿ, ಒಂದೇ ಅಳತೆ, ಒಂದೇ ತೂಕ ಕೊಟ್ಟು ಮೂವರಿಂದಾದರೂ ದರ ತರಿಸಿದರೆ ಮಾತ್ರ ಹೋಲಿಕೆ ಸಾಧ್ಯ.

ನೂರೈವತ್ತು ವರ್ಷಗಳ ಈ ಹಾದಿಯಲ್ಲಿ ದರ ಕೂಟದ ಪಟ್ಟಿಯಿಂದ ಮೊಬೈಲಿಗೆ ಇಳಿದಿದೆ. ಚೌಕಾಸಿಯ ಬಲ ಮಾತ್ರ ಇನ್ನೂ ಹೆಚ್ಚು ಸರಕು ಇರುವವರದೇ. ಒಂಟಿ ಆಲೆಮನೆಯವರಿಗೆ ಸಿಗದ ದರ, ಹತ್ತು ಆಲೆಮನೆಗಳು ರೈತ ಉತ್ಪಾದಕ ಕಂಪನಿಯಾಗಿ ಪೂರ್ತಿ ಕಂಟೇನರ್ ತುಂಬಿಸಿದರೆ ಸಿಕ್ಕೀತು. ಒಳ್ಳೆಯ ಬೆಲ್ಲ ತೆಗೆಯುವುದನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಕಲಿಸಿಕೊಡುತ್ತಿದೆ. ಅದೇ ತರಬೇತಿಯಲ್ಲಿ ಕೋಟೇಶನ್ ಓದುವುದನ್ನೂ ಒಂದು ದಿನ ಹೇಳಿಕೊಟ್ಟರೆ, ಕಡಲಾಚೆಯ ಮಾರುಕಟ್ಟೆಯ ಲಾಭದಲ್ಲಿ ಬೆಳೆಗಾರರಿಗೆ ನ್ಯಾಯವಾದ ಪಾಲು ಉಳಿಯುತ್ತದೆ.