ಕಸಿಗಂಟಿನ ಕೆಳಗಿನ ಗುಲಾಬಿ

ಗುಲಾಬಿ ಎಂಬ ಪದ ಮೊದಲು ಹೂವಿನ ಹೆಸರಾಗಿರಲಿಲ್ಲ, ನೀರಿನ ಹೆಸರಾಗಿತ್ತು. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ಅದರಲ್ಲೂ ವಿಶೇಷವಾಗಿ ನಾವು ಗುಲಾಬಿ ಎನ್ನುವ ಹೂವು. ‘ಆಬ್’ ಎಂದರೆ ನೀರು. ಎರಡೂ ಸೇರಿದ ‘ಗುಲಾಬ್’ ಎಂದರೆ ಎಸಳುಗಳನ್ನು ಬಟ್ಟಿ ಇಳಿಸಿ ತೆಗೆದ ಸುಗಂಧದ ನೀರು. ಈ ನೀರಿನ ಹೆಸರೇ ಹಿಂದೂಸ್ತಾನದಲ್ಲಿ ಹೂವಿಗೆ ಅಂಟಿಕೊಂಡಿತು, ಅಲ್ಲಿಂದ ಕನ್ನಡಕ್ಕೂ ಬಂತು.

ದಕ್ಷಿಣದಲ್ಲಿ ಪಾರಸಿಯ ಹಂಗಿಲ್ಲದೆಯೂ ಇದೇ ಆಗಿದೆ. ಹಳಗನ್ನಡದ ‘ಪನಿ’ ಇಂದಿನ ‘ಹನಿ’. ಪನಿಯೂ ನೀರೂ ಸೇರಿ ಪನ್ನೀರು. ಮಲಯಾಳಿಗಳು ಗುಲಾಬಿಯನ್ನು ‘ಪನಿನೀರ್ ಪೂವು’, ಅಂದರೆ ಪನ್ನೀರಿನ ಹೂವು ಎನ್ನುತ್ತಾರೆ. ನಮ್ಮ ಹೂವಿನ ಮಾರುಕಟ್ಟೆಯಲ್ಲಿ ‘ಪನ್ನೀರು ಗುಲಾಬಿ’ ಎಂದು ಕೇಳುವವರು ಒಂದೇ ಉಸಿರಿನಲ್ಲಿ ಎರಡು ಸಲ ನೀರು ಕೇಳಿರುತ್ತಾರೆ.

ಜನ ಗುಲಾಬಿಯಿಂದ ಏನನ್ನು ಬಯಸಿದ್ದರು ಎಂಬುದನ್ನು ಈ ಪದಗಳು ಉಳಿಸಿಕೊಂಡಿವೆ. ಅವರಿಗೆ ಬೇಕಿದ್ದದ್ದು ಪರಿಮಳ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರು ತಯಾರಿಸುತ್ತಿದ್ದಾಗ ಬಿಸಿನೀರಿನ ಮೇಲೆ ತೇಲಿದ ಜಿಡ್ಡನ್ನು ಸಂಗ್ರಹಿಸಿ ಅತ್ತರು ಮಾಡಿದಳೆಂದು ಬರೆದಿದ್ದಾನೆ. ಬಾದಶಹನಿಗೆ ಅದು ದಾಖಲಿಸಬೇಕಾದ ಸುದ್ದಿಯಾಗಿತ್ತು. ಹೂವಿನ ಆಕಾರ, ದೇಟಿನ ಉದ್ದ, ಮೊಗ್ಗಿನ ಚೂಪು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ.

ಇಂದು ಮುಂಬಯಿಯಲ್ಲೋ ಚೆನ್ನೈಯಲ್ಲೋ ನರ್ಸರಿಯಿಂದ ತಂದ ಗುಲಾಬಿ ಇದಕ್ಕೆ ತೀರಾ ಉಲ್ಟಾ. ಹೂವು ದೊಡ್ಡದು, ಬಣ್ಣ ಢಾಳು, ಪರಿಮಳ ಹೆಚ್ಚಾಗಿ ಇಲ್ಲ. ಮೊದಲ ಸುತ್ತಿನ ಹೂವಾದ ಮೇಲೆ ಎಲೆಗಳಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಎಲೆ ಉದುರುತ್ತದೆ, ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಕೊನೆಗೆ ಕಸಿಗಂಟಿನ ಕೆಳಗಿನಿಂದ ಬೇರೆಯೇ ಎಲೆಯ ಚಿಗುರು ಮೇಲೇಳುತ್ತದೆ. ಕೊಂಡದ್ದು ಒಂದು ಗಿಡ, ಉಳಿದದ್ದು ಇನ್ನೊಂದು. ಸಾಕಿದವರು ತಮ್ಮ ಕೈಗುಣವನ್ನು ಬೈದುಕೊಳ್ಳುತ್ತಾರೆ. ಆದರೆ ಈ ಸೋಲಿಗೆ ಇನ್ನೂರು ವರ್ಷಗಳ ಇತಿಹಾಸವಿದೆ.

ಹದಿನೆಂಟನೆಯ ಶತಮಾನದ ಕೊನೆಯವರೆಗೆ ಯುರೋಪಿನ ಬಹುಪಾಲು ಗುಲಾಬಿಗಳು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅರಳಿ ಸುಮ್ಮನಾಗುತ್ತಿದ್ದವು. ಚೀನಾದ ತೋಟಗಳಲ್ಲಿ ಹಾಗಲ್ಲ. ಅಲ್ಲಿಯ ಒಂದು ಗುಲಾಬಿಗೆ ತಿಂಗಳು ತಿಂಗಳೂ ಬಿಡುವ ಹೂವು ಎಂಬರ್ಥದ ಹೆಸರೇ ಇತ್ತು. ಇದಕ್ಕೆ ಕಾರಣ 2012ರ ಹೊತ್ತಿಗೆ ಸ್ಪಷ್ಟವಾಯಿತು. ಹೂಬಿಡುವುದಕ್ಕೆ ಕಡಿವಾಣ ಹಾಕುವ ಜೀನ್‌ನೊಳಗೆ ಎಲ್ಲಿಂದಲೋ ಜಿಗಿದ ಡಿಎನ್‌ಎ ತುಣುಕೊಂದು ಸೇರಿಕೊಂಡು ಅದನ್ನು ಕೆಡಿಸಿದೆ. ಕಡಿವಾಣ ತಪ್ಪಿದ ಗಿಡ ಹೂ ಬಿಡುತ್ತಲೇ ಇರುತ್ತದೆ. ಚೀನಾದ ತೋಟಗಾರರು ಜೀನ್ ಎಂಬ ಪದ ಹುಟ್ಟುವುದಕ್ಕೆ ಬಹಳ ಮೊದಲೇ ಇಂಥ ಗಿಡವನ್ನು ಗುರುತಿಸಿ, ಕಡ್ಡಿ ನೆಟ್ಟು ನೆಟ್ಟು ಉಳಿಸಿಕೊಂಡು ಬಂದಿದ್ದರು.

ಈ ಗಿಡಗಳು ಯುರೋಪಿಗೆ ಹೋದ ದಾರಿಯಲ್ಲಿ ಕಲ್ಕತ್ತವೂ ಇತ್ತು. 1787ರಲ್ಲಿ ಶುರುವಾದ ಅಲ್ಲಿಯ ಕಂಪನಿ ಸಸ್ಯೋದ್ಯಾನ ಪೂರ್ವದ ಗಿಡಗಳಿಗೆ ತಂಗುದಾಣವಾಗಿತ್ತು. ಹಡಗು ಬಂಗಾಳದಿಂದ ಬಂದಿದೆಯೆಂದು ಫ್ರೆಂಚರು ಚೀನಾದ ಗುಲಾಬಿಯನ್ನು ‘ಬಂಗಾಳದ ಗುಲಾಬಿ’ ಎಂದು ಕರೆದರು. ಅದಕ್ಕೂ ಮೊದಲೇ, 1753ರಲ್ಲಿ, ಲಿನ್ನೇಯಸ್ ಚೀನಾದ ಒಂದು ಗುಲಾಬಿಗೆ ‘ರೋಸಾ ಇಂಡಿಕಾ’ ಎಂದು ಹೆಸರಿಟ್ಟಿದ್ದ. ಆ ಹೆಸರು ನಮ್ಮ ನರ್ಸರಿಗಳಲ್ಲಿ ಇನ್ನೂ ಓಡಾಡುತ್ತಿದೆ.

ಮುಂದಿನ ಘಟ್ಟ ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ ನಡೆಯಿತು. ಇಂದು ರೀಯೂನಿಯನ್ ಎನ್ನುವ ಬೂರ್ಬೊನ್ ದ್ವೀಪದಲ್ಲಿ ರೈತರು ಹೊಲಕ್ಕೆ ಗುಲಾಬಿಯ ಬೇಲಿ ಹಾಕುತ್ತಿದ್ದರು. ಬೇಲಿಯಲ್ಲಿ ಪರಿಮಳದ ದಮಾಸ್ಕಸ್ ಗುಲಾಬಿಯೂ ಇತ್ತು, ಚೀನಾದ ಗುಲಾಬಿಯೂ ಇತ್ತು. ಎರಡೂ ತಾವಾಗಿಯೇ ಬೆರೆತು ಹೊಸದೊಂದು ಹುಟ್ಟಿತು. 1817ರ ಹೊತ್ತಿಗೆ ಅಲ್ಲಿದ್ದ ಫ್ರೆಂಚ್ ಸಸ್ಯತಜ್ಞ ಬ್ರೆಯೋನ್ ಅದರ ಬೀಜಗಳನ್ನು ಫ್ರಾನ್ಸಿಗೆ ಕಳಿಸಿದ. ಪರಿಮಳ ಒಂದು ಕಡೆಯದು, ಮರಳಿ ಮರಳಿ ಅರಳುವ ಗುಣ ಇನ್ನೊಂದು ಕಡೆಯದು. ಯಾರೂ ಯೋಜನೆ ಹಾಕದೆ ಬೇಲಿಯಲ್ಲಿ ಹುಟ್ಟಿದ ಈ ಬಳಗದ ಒಂದು ಗುಲಾಬಿಯನ್ನು ತಮಿಳುನಾಡಿನ ರೈತರು ‘ಎಡ್ವರ್ಡ್ ರೋಸ್’ ಎಂಬ ಹೆಸರಿನಲ್ಲಿ ಬಿಡಿ ಹೂವಿಗಾಗಿ ಬೆಳೆಯುತ್ತಾರೆ. ಹಾರಕ್ಕೆ, ದೇವರ ತಲೆಗೆ, ಗುಲ್ಕಂದಿಗೆ ಬೇಕಾದ ನಸುಗೆಂಪಿನ, ಘಮಘಮಿಸುವ ಹೂವು ಅದು. ನಮ್ಮ ನರ್ಸರಿಗಳು ಬೇರೆ ಗುಲಾಬಿಗಳನ್ನು ಕಸಿ ಕಟ್ಟಲು ಬೇರಿನ ಗಿಡವಾಗಿ ಬಳಸುವವುಗಳಲ್ಲೂ ಅದೊಂದು.

ಯುರೋಪಿನಲ್ಲಿ ಗುಲಾಬಿ ಬೇರೆ ಹಾದಿ ಹಿಡಿಯಿತು. 1867ರ ‘ಲಾ ಫ್ರಾನ್ಸ್’ ಎಂಬ ತಳಿಯಿಂದ ಹೈಬ್ರಿಡ್ ಟೀ ಯುಗ ಆರಂಭವಾಯಿತೆಂದು ಲೆಕ್ಕ. ಉದ್ದ ದೇಟು, ಒಂದೊಂದೇ ಹೂವು, ಪ್ರದರ್ಶನದ ಮೇಜಿಗೆ ಒಪ್ಪುವ ಮೊಗ್ಗು. ಗಾಢ ಹಳದಿ ಬಣ್ಣ ಮಾತ್ರ ದಕ್ಕಿರಲಿಲ್ಲ. 1900ರಲ್ಲಿ ಲಿಯೋನ್ ನಗರದ ಪೆರ್ನೆ-ದ್ಯೂಶೆ ಎಂಬಾತ ಪಶ್ಚಿಮ ಏಷ್ಯಾದ ಒಣನಾಡಿನ ಹಳದಿ ಗುಲಾಬಿಯ ರಕ್ತ ಸೇರಿಸಿ ಅದನ್ನೂ ಸಾಧಿಸಿದ. ಬಣ್ಣದ ಜೊತೆಗೆ ಇನ್ನೊಂದು ಬಳುವಳಿಯೂ ಬಂತು. ಒಣಹವೆಯ ಆ ಗಿಡಕ್ಕೆ ಕಪ್ಪು ಚುಕ್ಕೆ ರೋಗವನ್ನು ತಡೆಯುವ ಶಕ್ತಿ ಇರಲಿಲ್ಲ. ಎಲೆ ಒದ್ದೆಯಾಗಿದ್ದರೆ ಹಬ್ಬುವ ಶಿಲೀಂಧ್ರ ಅದು. ನಾಲ್ಕು ತಿಂಗಳು ಮಳೆ ಸುರಿಯುವ ಮುಂಬಯಿಯ ಬಾಲ್ಕನಿಯಲ್ಲಿ ಹೈಬ್ರಿಡ್ ಗುಲಾಬಿ ಬೋಳಾಗುವುದಕ್ಕೆ ಒಂದು ಕಾರಣ ಲಿಯೋನಿನ ಆ ತೋಟದಲ್ಲಿದೆ.

ನಮ್ಮ ಹವೆಗೆ ನಮ್ಮದೇ ಗುಲಾಬಿ ಬೇಕು ಎಂದು ದುಡಿದವರು ಕೆಲವರೇ. ಮೊದಲ ಹೆಸರು ಬಿ.ಪಿ. ಪಾಲ್. ಅವರ ವೃತ್ತಿ ಗೋಧಿ. ತುಕ್ಕು ರೋಗ ತಡೆಯುವ ಗೋಧಿ ತಳಿಗಳನ್ನು ಕೊಟ್ಟ ವಿಜ್ಞಾನಿ, 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕ. ಬಿಡುವಿನಲ್ಲಿ ಗುಲಾಬಿ ತಳಿಗಳನ್ನು ಬೆಳೆಸಿ ‘ರೋಸ್ ಶರ್ಬತ್’, ‘ದೆಹಲಿ ಪ್ರಿನ್ಸೆಸ್’ ಎಂದು ಹೆಸರಿಟ್ಟರು. ಆದರೆ ದಿಲ್ಲಿಗೆ ಒಂದು ಅನುಕೂಲವಿದೆ. ಅಕ್ಟೋಬರಿನಲ್ಲಿ ಗಿಡ ಸವರಿದರೆ ಚಳಿಗಾಲದಲ್ಲಿ ಭರ್ತಿ ಹೂವು. ಚಳಿಯೇ ಇಲ್ಲದ ಚೆನ್ನೈ, ಮುಂಬಯಿಗಳಿಗೆ ಆ ಸೌಲಭ್ಯವಿಲ್ಲ.

ಬೆಚ್ಚನೆಯ ಊರುಗಳ ಪ್ರಶ್ನೆಯನ್ನು ಹಿಡಿದವರು ಎಂ.ಎಸ್. ವೀರರಾಘವನ್. ಐಎಎಸ್ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತರಾಗಿ ಪತ್ನಿ ಗಿರಿಜಾ ಅವರೊಂದಿಗೆ ಕೊಡೈಕೆನಾಲಿನಲ್ಲಿ ನೆಲೆಸಿ, ಗುಲಾಬಿಯನ್ನೇ ಬದುಕಾಗಿಸಿಕೊಂಡರು. ಅವರು ಯುರೋಪಿನ ತಳಿಗಳನ್ನೇ ಮತ್ತೆ ಮತ್ತೆ ಬೆರೆಸುತ್ತ ಕೂರದೆ ಭಾರತದ ಕಾಡು ಗುಲಾಬಿಗಳ ಕಡೆ ತಿರುಗಿದರು. ಒಂದು, ಗಂಗಾ ಬಯಲಿನ ನದಿದಂಡೆಗಳಲ್ಲಿ ನೆರೆನೀರಿನಲ್ಲೂ ಬದುಕುವ ರೋಸಾ ಕ್ಲೈನೋಫಿಲ್ಲಾ. ಇನ್ನೊಂದು, ಮಣಿಪುರದ ಬೆಟ್ಟಗಳಲ್ಲಿ ಮರದ ಮೇಲೆ ಹಬ್ಬುವ ರೋಸಾ ಜೈಗಾಂಟಿಯಾ. ಇವುಗಳಿಂದ ಪಡೆದ ಒಂದು ಹಳದಿ ಗುಲಾಬಿಗೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರಿಟ್ಟರು. ಬಿಸಿಲು ತಡೆಯುವ ಗುಣವನ್ನು ಹೊರಗೆಲ್ಲೋ ಹುಡುಕಬೇಕಿಲ್ಲ, ಅದು ಇಲ್ಲಿಯ ಕಾಡಿನಲ್ಲೇ ಇದೆ ಎಂಬುದು ಅವರ ನಂಬಿಕೆಯಾಗಿತ್ತು.

ಆ ತಳಿಗಳು ನಮ್ಮ ರಸ್ತೆಬದಿಯ ನರ್ಸರಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೂವಿನ ಉದ್ಯಮ ಕೇಳುವುದು ಪೆಟ್ಟಿಗೆಯಲ್ಲಿ ಕೆಡದೆ ಪಯಣಿಸುವ ಹೂವನ್ನು. ಅದನ್ನು ಪಾಲಿಹೌಸಿನಲ್ಲಿ ಬೆಳೆಯಬಹುದು. ಬಾಲ್ಕನಿಯ ಕುಂಡ ಅದರ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರಿಗೆ ಬೇಕಾದದ್ದು ದೇವರಿಗೆ ದಿನಕ್ಕೊಂದು ಹೂವು, ಬಾಗಿಲು ತೆರೆದಾಗ ಒಂದಿಷ್ಟು ಪರಿಮಳ, ಮಳೆ ಕಳೆದ ಮೇಲೂ ಉಳಿಯುವ ಗಿಡ. ಇದನ್ನು ಕೊಡಬಲ್ಲ ಪನ್ನೀರು ಗುಲಾಬಿಗೆ ಕಸಿಯೂ ಬೇಡ. ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ತನ್ನದೇ ಬೇರಿನ ಮೇಲೆ ನಿಂತ ಗಿಡ ಬುಡದಿಂದ ಚಿಗುರಿದರೂ ಅದೇ ಹೂವು. ‘ಅದು ನಾಟಿ’ ಎಂದು ನರ್ಸರಿಯವರು ಅದನ್ನು ಮೂಲೆಗಿಡುತ್ತಾರೆ. ಬೂರ್ಬೊನ್ ದ್ವೀಪದ ರೈತರಿಗೂ ಅದು ಬರೀ ಬೇಲಿಯಾಗಿತ್ತು.