ದೋಹಾದ ಗ್ಯಾಲರಿಯಲ್ಲಿ ಒಂದು ಸಂಜೆ

2016ರ ನವೆಂಬರ್ 5. ಕೆರೆಬಿಳಚಿಯ ನಮ್ಮ ಮನೆಗೆ ದೋಹಾದಿಂದ ಚಿಕ್ಕಪ್ಪನ ಫೋನ್: ‘ಸ್ಟೇಡಿಯಂ ಒಳಗಿದ್ದೀನಿ ಕಣೋ!’

ಅಂದು ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ಆಡುತ್ತಿತ್ತು. ಕಂಠೀರವದಲ್ಲಿ ಹಾಲಿ ಚಾಂಪಿಯನ್ ಜೊಹೊರ್ ತಂಡವನ್ನು 3–1ರಿಂದ ಮಣಿಸಿ ಆ ಹಂತ ಮುಟ್ಟಿದ ಮೊದಲ ಭಾರತೀಯ ಕ್ಲಬ್; ಹುಟ್ಟಿ ಮೂರೇ ವರ್ಷ. ಎದುರಾಳಿ ಇರಾಕಿನ ವಾಯುಪಡೆ ತಂಡ. ಸ್ವದೇಶದಲ್ಲಿ ಆಡಲಾಗದೆ ದೋಹಾವನ್ನೇ ತವರು ಮಾಡಿಕೊಂಡವರು. ಆಡಿದವರೂ ನೋಡಿದವರೂ ಬಹುಪಾಲು ಊರು ಬಿಟ್ಟವರೇ! ಹಮ್ಮಾದಿ ಅಹ್ಮದ್ ಬಾರಿಸಿದ ಒಂದೇ ಗೋಲಿಗೆ ನಮ್ಮವರು ಸೋತರು.

ಗಲ್ಫ್ ವಲಸೆಯ ಕುರಿತ ನನ್ನ ಟಿಪ್ಪಣಿಗಳಲ್ಲಿ ಸಂಬಳ, ವೀಸಾ, ಸಾಲ ಎಲ್ಲ ಇವೆ. ಇಂಥ ಸಂಜೆಗೆ ಕಾಲಂ ಇಲ್ಲ. ಮೊನ್ನೆ ಚಿಕ್ಕಪ್ಪನನ್ನೇ ಕೇಳಿದೆ. ಗೋಲು ಹೊಡೆದವನ ಹೆಸರು ಅವರಿಗೆ ನೆನಪಿಲ್ಲ. ‘ಪಕ್ಕದಲ್ಲಿ ಕೂತವನು ದಾವಣಗೆರೆಯವನು. ಅಷ್ಟು ವರ್ಷದಲ್ಲಿ ಮೊದಲ ಸಲ ಗಂಟಲು ಹರಿಯೋ ಹಾಗೆ ಕನ್ನಡದಲ್ಲಿ ಕೂಗಿದ್ದೆ’ ಅಂದರು.